ಕೂಸನ್ನು ಜಾತ್ರೆಗೆ ಒಯ್ಯಬೇಕೆ?

ಈ ಸಲದ ಅಂಚೆಯಲ್ಲಿ ಇಳಕಲ್ಲಿನ ಸೋದರಿಯೊಬ್ಬರ ಪತ್ರವಿದೆ. ನಾಲ್ಕು ಹಾಳೆ, ಎರಡೂ ಮಗ್ಗುಲು ಬರೆದದ್ದು. ಹೆಸರು ಹಾಕಬೇಡಿರೆಂದು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಅವರ ಮಗನಿಗೆ ಒಂದು ವರ್ಷ ಒಂಬತ್ತು ತಿಂಗಳು. ಓಡುತ್ತಾನೆ, ಬೀಳುತ್ತಾನೆ, ‘ಅವ್ವಾ’, ‘ಹಾಲು’, ‘ಬ್ಯಾಡ’ ಎಂಬ ಮೂರು ಮಾತು ಚೆನ್ನಾಗಿ ಬರುತ್ತವೆ. ಬನದ ಹುಣ್ಣಿಮೆಗೆ ಮನೆಮಂದಿಯೆಲ್ಲ ಬಾದಾಮಿ ಬನಶಂಕರಿ ಜಾತ್ರೆಗೆ ಹೊರಡುವವರಿದ್ದಾರೆ. ಬಾದಾಮಿಯಲ್ಲಿ ನಾದಿನಿಯ ಮನೆ ಇದೆ, ಇಳಿದುಕೊಳ್ಳಲು ತೊಂದರೆಯಿಲ್ಲ. ಅತ್ತೆಯವರಿಗೆ ಮೊಮ್ಮಗನನ್ನು ಹೊಂಡದಲ್ಲಿ ತೆಪ್ಪದ ಮೇಲೆ ಕೂಡಿಸಿ ತರುವ ಹರಕೆ. ನಾದಿನಿಗೆ ರಾತ್ರಿ ನಾಟಕ ನೋಡುವ ಆಸೆ. ಮೈದುನನಿಗೆ ಕೂಸನ್ನು ತಿರುಗುವ ತೊಟ್ಟಿಲಲ್ಲಿ ಕೂಡಿಸಿ ಫೋಟೋ ತೆಗೆಯಬೇಕಂತೆ. ಗಂಡನನ್ನು ಕೇಳಿದರೆ “ನಿನ್ನ ಇಷ್ಟ” ಎಂದು ಪೇಪರು ಎತ್ತಿಕೊಂಡರಂತೆ.

“ಅಕ್ಕಾರ, ಹೋಗಲ್ಯೋ ಬ್ಯಾಡೋ, ಒಂದ ಮಾತಿನ್ಯಾಗ ಹೇಳ್ರಿ” ಎಂದು ಮುಗಿಸಿದ್ದಾರೆ.

ಒಂದೇ ಮಾತಿನಲ್ಲಿ ಹೇಳಬಹುದು: ಕೂಸಿನ ಜೊತೆ ಹಗಲು ಹೋಗಿರಿ, ರಾತ್ರಿ ಬೇಡ. ಹಾಗೆ ಹೇಳಿ ಪತ್ರ ಮಡಚಿಡುತ್ತಿದ್ದೆನೋ ಏನೋ. ಆದರೆ ಮೂರನೆಯ ಹಾಳೆಯ ಹಿಂಬದಿಗೆ, ಅರ್ಧ ಹೊಡೆದುಹಾಕಿದ ಒಂದು ಸಾಲಿದೆ. “ಎರಡ ವರ್ಷ ಆತ್ರಿ, ದವಾಖಾನಿ ಬಿಟ್ಟರ ನಾ ಎಲ್ಲೂ ಹೋಗಿಲ್ಲ.” ಸೋದರಿಯರೇ, ನನಗೆ ಪತ್ರವೆಲ್ಲ ಆ ಸಾಲಿಗಾಗಿಯೇ ಬರೆದಂತೆ ಕಂಡಿತು. ಆ ಮಾತಿಗೆ ಆಮೇಲೆ ಬರುತ್ತೇನೆ.

ಇಂಥದೇ ಪ್ರಶ್ನೆ ಕಳೆದ ಅಕ್ಟೋಬರಿನಲ್ಲಿ ಅಮೆರಿಕದಿಂದಲೂ ಬಂದಿತ್ತು, ಫೋನಿನಲ್ಲಿ. ನನ್ನ ಅಕ್ಕನ ಮಗಳು ಫ್ಲಾರಿಡಾದಲ್ಲಿ ಇದ್ದಾಳೆ. ಅಲ್ಲಿ ಅಕ್ಟೋಬರ್ 31ಕ್ಕೆ ಹ್ಯಾಲೊವೀನ್ ಎಂಬ ಹಬ್ಬ. ದೆವ್ವ, ಅಸ್ಥಿಪಂಜರ, ಮಾಟಗಾತಿಯರ ವೇಷ ತೊಟ್ಟು ಮಕ್ಕಳು ಮನೆ ಮನೆಗೆ ಹೋಗಿ ಮಿಠಾಯಿ ಕೇಳುತ್ತಾರೆ. ಡಿಸ್ನಿಯವರ ಮ್ಯಾಜಿಕ್ ಕಿಂಗ್ಡಂ ಎಂಬ ಮಕ್ಕಳ ಉದ್ಯಾನದಲ್ಲಿ ಇದಕ್ಕಾಗಿಯೇ ರಾತ್ರಿ ಏಳರಿಂದ ಹನ್ನೆರಡರವರೆಗೆ ಪಾರ್ಟಿ ನಡೆಯುತ್ತದೆ. ಅದರ ಹೆಸರಿನಲ್ಲೇ ‘ಅಷ್ಟೇನೂ ಅಂಜಿಕೆಯದಲ್ಲ’ ಎಂದು ಇಟ್ಟಿದ್ದಾರೆ. ಬೇರೆ ಟಿಕೆಟ್ಟು ತೆಗೆಸಬೇಕು, ಆದರೆ ಮೂರು ವರ್ಷದೊಳಗಿನ ಕೂಸಿಗೆ ಪುಕ್ಕಟೆ. “ಮೌಶಿ, ಪುಕ್ಕಟೆ ಅದ, ಕರಕೊಂಡು ಹೋಗಲೇನು?” ಎಂದು ಕೇಳಿದಳು. ಪುಕ್ಕಟೆ ಎಂದರೆ ನಾವು ಎಲ್ಲಿದ್ದರೂ ನಾವೇ! ಮೆರವಣಿಗೆಯ ಮುಂದೆ ತಲೆಯಿಲ್ಲದ ಸವಾರನೊಬ್ಬ ಕುದುರೆ ಓಡಿಸಿಕೊಂಡು ಬರುತ್ತಾನಂತೆ. ನನಗೆ ಅರವತ್ತು ದಾಟಿದೆ, ನಾನೇ ನೋಡಲಾರೆ.

ನಮ್ಮಲ್ಲಿ ಹ್ಯಾಲೊವೀನ್ ಎಲ್ಲಿದೆ ಎನ್ನಬೇಡಿ. ಬಾಗಲಕೋಟೆಯ ಹೋಳಿ ನೋಡಿದವರಿಗೆ ಸೋಗಿನ ಬಂಡಿ ಗೊತ್ತು. ಹಗಲೆಲ್ಲ ಬಣ್ಣದ ಬಂಡಿಗಳು, ಬ್ಯಾರಲ್ಲುಗಟ್ಟಲೆ ಬಣ್ಣ. ರಾತ್ರಿಯಾದರೆ ಓಣಿ ಓಣಿಯವರು ವೇಷ ಕಟ್ಟಿಕೊಂಡು ಬಂಡಿ ಏರಿ ಬರುತ್ತಾರೆ. ರಾಮ, ಕೃಷ್ಣ, ಈಶ್ವರ ಇರುತ್ತಾರೆ, ಜೊತೆಗೆ ಕೋರೆಹಲ್ಲಿನ ರಾಕ್ಷಸರೂ ಇರುತ್ತಾರೆ. ಮುಂದೆ ಹಲಗೆಯ ಬಡಿತ. ಬಡಿತ ಎಂದರೆ ಎಂಥದ್ದು, ಎದೆಯೊಳಗೇ ಯಾರೋ ಬಾರಿಸಿದ ಹಾಗೆ.

ನನ್ನ ಹಿರಿಯ ಮಗನಿಗೆ ಆಗ ಎರಡು ತುಂಬಿ ಒಂದು ತಿಂಗಳು. ನಾವು ಹಳೇ ಊರಿನಲ್ಲಿದ್ದೆವು. ಆ ಮನೆ, ಆ ಕಟ್ಟೆ ಈಗ ಆಲಮಟ್ಟಿ ಹಿನ್ನೀರಿನ ಪಾಲಾಗಿವೆ, ನಾವೂ ಎಲ್ಲರಂತೆ ನವನಗರಕ್ಕೆ ಬಂದೆವು. ಬಂಡಿ ಬಂತೆಂದು ಎಲ್ಲರೂ ಕಟ್ಟೆಯ ಮೇಲೆ ನಿಂತೆವು. ನಿದ್ದೆಯಲ್ಲಿದ್ದ ಹುಡುಗನನ್ನು ನಾನೇ ಎಬ್ಬಿಸಿ ತಂದೆ, “ನೋಡಲಿ, ಖುಷಿ ಆಗತಾನ” ಎಂದು. ರಾಕ್ಷಸನ ಸೋಗಿನವನು ಕಟ್ಟೆಯ ಹತ್ತಿರ ಬಂದಾಗ ಕೂಸನ್ನು ಮೇಲೆತ್ತಿ ಅವನ ಮೋರೆಯ ಮುಂದೆ ಹಿಡಿದದ್ದೂ ನಾನೇ. ಬೇರೆಯವರ ಮೇಲೆ ಹಾಕುವುದಕ್ಕೆ ಏನೂ ಇಲ್ಲ. ಎಲ್ಲರೂ ನಕ್ಕರು. ಹುಡುಗ ಅಳಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು. ಕೈಕಾಲು ಸೆಟೆದು, ಕಣ್ಣು ಪಿಳುಕಿಸದೆ ನೋಡಿದ, ಆಮೇಲೆ ನನ್ನ ಕುತ್ತಿಗೆಗೆ ಬಿದ್ದವನು ಬೆಳಗಿನತನಕ ಬಿಡಲಿಲ್ಲ.

ಮುಂದೆ ಎರಡು ತಿಂಗಳು ಏನು ಹೇಳಲಿ! ರಾತ್ರಿ ಎರಡಕ್ಕೆ, ಮೂರಕ್ಕೆ ಚೀರಿ ಏಳುವುದು. ಮಾವನವರು ಕಂಬಳಿ ಹೊದ್ದು ಕೂತರೆ ಆ ಕೋಣೆಗೇ ಹೋಗನು. ನಮ್ಮ ಕಡೆ ಹಲಗೆ ಬಾರಿಸದ ಕಾರ್ಯವುಂಟೆ? ಯಾರದೋ ಮದುವೆ, ಯಾರದೋ ಮೆರವಣಿಗೆ, ದೂರದಲ್ಲಿ ಹಲಗೆ ಕೇಳಿದರೂ ಓಡಿ ಬಂದು ನನ್ನ ಸೀರೆಯ ನಿರಿಗೆಯಲ್ಲಿ ಮುಖ ಹುದುಗಿಸುತ್ತಿದ್ದ. ಅತ್ತೆಯವರು ಉಪ್ಪು ಸಾಸಿವೆ ನಿವಾಳಿಸಿದರು. ಅವರ ಸಮಾಧಾನಕ್ಕೆ ಆಗಲಿ ಎಂದೆ. ನಿದ್ದೆ ಮಾತ್ರ ಬರಲಿಲ್ಲ.

ಕೊನೆಗೆ ಅದನ್ನು ಬಿಡಿಸಿದವನು ಆ ರಾಕ್ಷಸನೇ. ಸೋಗು ಹಾಕಿದಾತ ನಮ್ಮ ಓಣಿಯ ಹಿಟ್ಟಿನ ಗಿರಣಿಯವ. ಸುದ್ದಿ ಅವನ ಕಿವಿಗೂ ಬಿದ್ದು ಪಾಪ, ಬಹಳ ಹಳಹಳಿಸಿದ. ಒಂದು ಮಧ್ಯಾಹ್ನ ಮೈಯೆಲ್ಲ ಹಿಟ್ಟು ಮೆತ್ತಿಕೊಂಡೇ ಮನೆಗೆ ಬಂದ. ಕೈಚೀಲದಲ್ಲಿ ಮುಖವಾಡ. ಕೂಸಿಗೆ ತೋರಿಸಲೂ ಇಲ್ಲ, ಕೊಡಲೂ ಇಲ್ಲ. ಪಡಸಾಲೆಯ ನೆಲದ ಮೇಲೆ ಬೋರಲು ಹಾಕಿ ಚಹ ಕುಡಿಯುತ್ತ ನನ್ನ ಯಜಮಾನರ ಜೊತೆ ಜೋಳದ ಮಾತು ಆಡುತ್ತ ಕೂತ. ಮರುದಿನವೂ ಬಂದ. ಮೂರನೆಯ ಸಲಕ್ಕೆ ಹುಡುಗ ತೆವಳುತ್ತ ಹೋಗಿ ಅದರ ಕೋರೆಹಲ್ಲು ಮುಟ್ಟಿ ನೋಡಿದ. ಆಗ ಗಿರಣಿಯವ ಅದನ್ನು ಮೊದಲು ಮೊಣಕಾಲಿಗೆ ಹಾಕಿಕೊಂಡ, ಆಮೇಲೆ ಚೊಂಬಿಗೆ ಹಾಕಿದ, ಆಮೇಲೆ ಅರ್ಧ ಮುಖಕ್ಕೆ. “ನಾನ ಅದೀನೋ ತಮ್ಮಾ, ಗಿರಣಿ ಕಾಕಾ.” ಹುಡುಗ ನಕ್ಕ. ಅಂದು ರಾತ್ರಿ ನಾನೂ ನಿದ್ದೆ ಮಾಡಿದೆ. ಮಗ ಈಗ ನಲವತ್ತು ದಾಟಿದವ, ಸೋಗಿನ ಬಂಡಿ ಎಂದರೆ ಇವತ್ತಿಗೂ ಅಷ್ಟಕ್ಕಷ್ಟೇ.

ಇದನ್ನು ಇಷ್ಟು ಬೆಳೆಸಿ ಹೇಳಿದ್ದಕ್ಕೆ ಕಾರಣವಿದೆ. ಒಂದೂವರೆ, ಎರಡು ವರ್ಷದ ಕೂಸಿಗೆ ಮುಖವಾಡದ ಹಿಂದೆ ಇನ್ನೊಂದು ಮುಖವಿದೆ ಎಂಬುದು ತಿಳಿಯದು. ನಮಗೆ ಅದು ಸೋಗು, ಅದಕ್ಕೆ ಅದು ನಿಜ. ನಾಲ್ಕೈದು ವರ್ಷದ ಹುಡುಗರು ಅಂಜಿಕೊಂಡೂ ನಗುತ್ತಾರೆ, “ಇನ್ನೊಮ್ಮೆ” ಎನ್ನುತ್ತಾರೆ. ಎರಡರ ಕೂಸಿಗೆ ಅಂಜಿಕೆಯಿಂದ ನಗುವಿಗೆ ದಾಟುವ ಸಂಕ ಇನ್ನೂ ಕಟ್ಟಿರುವುದಿಲ್ಲ. ಎಲ್ಲ ಮಕ್ಕಳೂ ಒಂದೇ ಅಲ್ಲ ಅನ್ನಿ. ನನ್ನ ಎರಡನೆಯವಳು ಅದೇ ವಯಸ್ಸಿನಲ್ಲಿ ರಾಕ್ಷಸನ ಮೀಸೆ ಜಗ್ಗಿದಳು. ನಿಮ್ಮ ಕೂಸು ಯಾವ ತರಹದ್ದು ಎಂದು ತಿಳಿಯಬೇಕಾದರೆ ಮನೆಯಲ್ಲೇ ನೋಡಬಹುದು. ಸೆರಗಿನಿಂದ ಮುಖ ಮುಚ್ಚಿ ತೆರೆಯುವ ಆಟಕ್ಕೆ ಕೇಕೆ ಹಾಕುತ್ತದೆಯೇ? ಹಾಗಾದರೆ ರಟ್ಟಿನ ಮುಖವಾಡವೊಂದನ್ನು ಕೈಗೆ ಕೊಡಿ, ಗೊಂಬೆಗೆ ಹಾಕಿ, ಅದರ ಕಣ್ಣೆದುರಿಗೇ ನೀವು ಹಾಕಿಕೊಂಡು ತೆಗೆಯಿರಿ. ಮುಖ ತಿರುಗಿಸಿದರೆ ಅಲ್ಲಿಗೇ ಬಿಡಿ. ಹತ್ತಿರದ ಮದುವೆಮನೆಯ ಬ್ಯಾಂಡಿಗೆ ಕಿವಿ ಮುಚ್ಚಿಕೊಳ್ಳುವ ಮಗುವಿಗೆ ಜಾತ್ರೆಯ ಲೌಡ್‌ಸ್ಪೀಕರು ಶಿಕ್ಷೆಯೇ ಸರಿ.

ಈಗ ಅತ್ತೆಯವರ ಮಾತು. “ನಾವೇನ ಕೂಸು ಕಟಗೊಂಡು ಜಾತ್ರಿಗಿ ಹೋಗಲಿಲ್ಲೇನು? ಅವೇನ ಸತ್ತುವೇನು?” ಎಂದರಂತೆ. ಈ ಮಾತನ್ನು ತಳ್ಳಿಹಾಕಬೇಡಿ. ನಮ್ಮವ್ವನೂ ಹಾಗೆಯೇ ನನ್ನನ್ನು ಒಯ್ದವಳು. ಸವಾರಿ ಬಂಡಿ ಕಟ್ಟಿಕೊಂಡು, ಬುತ್ತಿ ಕಟ್ಟಿಕೊಂಡು ಹೋಗಿ ಗಿಡದ ಕೆಳಗೆ ಬಂಡಿ ಬಿಟ್ಟರೆ ಅದೇ ಮನೆ. ಕೂಸಿಗೆ ಬಂಡಿಯ ಕೆಳಗೆ ಸೀರೆಯ ಜೋಳಿಗೆ, ಕಾಯಲು ಒಬ್ಬ ಮುದುಕಿ. ಜಾತ್ರೆ ಅಲ್ಲೆಲ್ಲೋ ನಡೆಯುತ್ತಿತ್ತು, ಕೂಸು ಮಾತ್ರ ತನ್ನ ಮನೆಯಲ್ಲೇ ಮಲಗಿರುತ್ತಿತ್ತು. ನಾವು ಇವತ್ತು ಬಸ್ಸಿನಲ್ಲಿ ಹುನಗುಂದ, ಅಮೀನಗಡ ದಾಟಿ ಹೋಗಿ ಇಳಿದರೆ ಆ ಬಂಡಿಯೂ ಇಲ್ಲ, ಕಾಯುವ ಮುದುಕಿಯೂ ಇಲ್ಲ. ಕೂಸು ಕಂಕುಳಲ್ಲೇ ಇರಬೇಕು, ನೂರಾರು ಮೋಟಾರುಗಳ ಹೊಗೆಯ ನಡುವೆ. ಅತ್ತೆಯವರಿಗೆ ಎದುರಾಡುವುದಕ್ಕಿಂತ, “ಆವಾಗ ಕೂಸು ಎಲ್ಲಿ ಮಲಗತಿತ್ತು, ಅತ್ತಿ?” ಎಂದು ಕೇಳಿ ನೋಡಿ. ಅರ್ಧ ದಾರಿ ಅವರೇ ಬರುತ್ತಾರೆ.

ಹೌದು, ಒಂದು ಸಲ ಮಾತ್ರ ಅವ್ವ ನನ್ನ ತಮ್ಮನನ್ನು ಮಡಿಲಲ್ಲಿ ಹಾಕಿಕೊಂಡು ನಾಟಕಕ್ಕೆ ಕೂತಿದ್ದಳು. ಅದೂ ಯಾವ ನಾಟಕ? ‘ರಕ್ತರಾತ್ರಿ’. ನಮ್ಮ ಹುನಗುಂದ ಸೀಮೆಯ ಕಂದಗಲ್ಲ ಹನುಮಂತರಾಯರು ಬರೆದದ್ದು. ಅಶ್ವತ್ಥಾಮ ರಾತ್ರಿಯಲ್ಲಿ ಮಲಗಿದ್ದ ಪಾಂಡವರ ಮಕ್ಕಳನ್ನು ಕೊಲ್ಲುವ ಕಥೆ. ಆ ಜಾಗ ಬಂದಾಗ ಅವ್ವನ ಕೈ ತಾನಾಗಿ ತಮ್ಮನ ಕಣ್ಣಿನ ಮೇಲೆ ಹೋಯಿತು, ಅವನು ಮಲಗಿಯೇ ಇದ್ದರೂ. ಮುಂದಿನದನ್ನು ಅವಳು ನೋಡಲಿಲ್ಲ, ಕೂಸನ್ನೇ ನೋಡುತ್ತ ಕೂತಳು. “ರೊಕ್ಕಾ ಕೊಟ್ಟು ಹೋಗಿ ನಾಟಕಾ ನೋಡಲಿಲ್ಲ” ಎಂದು ವರ್ಷಗಟ್ಟಲೆ ಅಂದದ್ದುಂಟು.

ಸೋದರಿ, ನಿಮ್ಮ ಹೊಡೆದುಹಾಕಿದ ಸಾಲಿಗೆ ಈಗ ಬಂದೆ. ಒಂದು ವರ್ಷ ಒಂಬತ್ತು ತಿಂಗಳಿನ ಕೂಸಿಗೆ ಬನಶಂಕರಿ ಜಾತ್ರೆ ಬೇಕಾಗಿಲ್ಲ. ಅದಕ್ಕೆ ನಿಮ್ಮ ಹಿತ್ತಲಿನ ಇರುವೆ ಸಾಲೇ ಜಾತ್ರೆ. ದೊಡ್ಡವನಾದ ಮೇಲೆ ಇದೊಂದೂ ನೆನಪಿರುವುದಿಲ್ಲ. ಜಾತ್ರೆ ಬೇಕಾದದ್ದು ನಿಮಗೆ. ಹಾಗೆ ಬೇಕಾಗುವುದು ತಪ್ಪಲ್ಲ, ನಾಚಿಕೆಯದೂ ಅಲ್ಲ. ನಾವು ಹೆಂಗಸರು ನಮಗೆ ಬೇಕಾದ್ದನ್ನು ಕೂಸಿನ ಹೆಸರಿನಲ್ಲಿ ಕೇಳುತ್ತೇವೆ, ಆಮೇಲೆ ಆ ಕೂಸನ್ನೇ ಎತ್ತಿಕೊಂಡು ತಿರುಗಿ ತೋಳು ನೋಯಿಸಿಕೊಂಡು, ಏನೂ ನೋಡದೆ ಮನೆಗೆ ಬರುತ್ತೇವೆ. ಎರಡನ್ನೂ ಬಿಡಿಸಿಡಿ. ಕೂಸಿನ ಜಾತ್ರೆ ಒಂದು, ನಿಮ್ಮ ಜಾತ್ರೆ ಒಂದು.

ಕೂಸಿನ ಜಾತ್ರೆ ಬೆಳಗಿನದು. ಜಾತ್ರೆ ಹೆಚ್ಚುಕಡಿಮೆ ಒಂದು ತಿಂಗಳು ಇರುತ್ತದೆ, ತೇರಿನ ದಿನವೇ ಹೋಗಬೇಕೆಂದಿಲ್ಲ. ಹುಣ್ಣಿಮೆಯ ಸಂಜೆ ತೇರು ಎಳೆಯುವಾಗ ಮಂದಿ ಅಲೆಯ ಹಾಗೆ ನೂಕುತ್ತದೆ, ಆ ಹೊತ್ತಿಗೆ ಕೂಸು ಅಲ್ಲಿ ಬೇಡವೇ ಬೇಡ. ನಾಲ್ಕು ದಿನ ಬಿಟ್ಟು, ಬಿಸಿಲೇರುವ ಮುಂಚೆ ಹೋಗಿ. ಚೊಳಚಗುಡ್ಡದ ಆ ಹೊಂಡದ ಸುತ್ತಲಿನ ಕಲ್ಲಿನ ಸಾಲುಮಂಟಪದಲ್ಲಿ ತಣ್ಣಗೆ ಕೂಡಬಹುದು. ಬುಟ್ಟಿ ಹೊತ್ತು ಬರುವ ಅವ್ವಗಳ ಹತ್ತಿರ ಜೋಳದ ರೊಟ್ಟಿ, ಪಲ್ಲೆ, ಕೆಂಪು ಚಟ್ನಿ, ಗಡಿಗೆ ಮೊಸರು ಕೊಂಡು ಉಣ್ಣಿ. ಎಷ್ಟೋ ದೊಡ್ಡ ಹೋಟೆಲುಗಳಲ್ಲಿ ಉಂಡಿದ್ದೇನೆ, ಆ ರೊಟ್ಟಿಯ ಸಮ ಇಲ್ಲ. ಕೂಸು ಎತ್ತು ನೋಡಲಿ, ಬಲೂನು ನೋಡಲಿ. ಎರಡು ತಾಸು ಸಾಕು. ಕಣ್ಣುಜ್ಜಿಕೊಳ್ಳಲು ಶುರುಮಾಡಿದರೆ “ಇನ್ನೊಂದೀಟು” ಎನ್ನದೆ ಎದ್ದುಬಿಡಿ. ಮೈದುನನಿಗೆ ಹೇಳಿ, ತಿರುಗುವ ತೊಟ್ಟಿಲು ಇನ್ನು ನಾಲ್ಕು ವರ್ಷಕ್ಕೂ ಅಲ್ಲೇ ಇರುತ್ತದೆ.

ಹರಕೆಯ ತೆಪ್ಪದ ವಿಷಯ. ಬಾಳೆದಿಂಡಿನ ತೆಪ್ಪದ ಮೇಲೆ ಕೂಸನ್ನು ಹೊಂಡದಲ್ಲಿ ತೇಲಿಸಿದರೆ ಅದಕ್ಕೆ ಒಳ್ಳೆಯದಾಗುತ್ತದೆಂಬ ನಂಬಿಕೆ ಹಿಂದಿನಿಂದ ಬಂದದ್ದು. ನೋಡಲೂ ಚೆಂದ. ಅತ್ತೆಯವರ ಹರಕೆಗೆ ನಾನು ಅಡ್ಡ ಬರುವುದಿಲ್ಲ. ಹೊಂಡದಲ್ಲಿ ನೀರಿದ್ದು, ಈಜು ಬರುವ ಗಂಡಸರು ಇಬ್ಬರು ತೆಪ್ಪದ ಎರಡೂ ಬದಿಗೆ ನೀರಿನಲ್ಲೇ ಇದ್ದು, ಒಬ್ಬರ ಕೈ ಸದಾ ಕೂಸಿನ ಮೈಮೇಲೆ ಇರಲಿ. ಬಾಳೆದಿಂಡು ಜಾರುತ್ತದೆ, ಎರಡು ವರ್ಷದ ಕೂಸು ತೊಟ್ಟಿಲ ಕೂಸಿನ ಹಾಗೆ ಸುಮ್ಮನೆ ಮಲಗುವುದೂ ಇಲ್ಲ. ಕೊಸರಾಡಿದರೆ ಕೈಯಲ್ಲೇ ಹಿಡಿದು ತೆಪ್ಪಕ್ಕೆ ಮುಟ್ಟಿಸಿ ನಾಲ್ಕು ಹನಿ ನೀರು ಚಿಮುಕಿಸಿ ಬನ್ನಿ. ನೂರೆಂಟು ಬಗೆಯ ಪಲ್ಲೆಯ ನೈವೇದ್ಯ ಉಣ್ಣುವ ತಾಯಿ, ಅಳುವ ಕೂಸನ್ನು ಬಿಟ್ಟದ್ದಕ್ಕೆ ಸಿಟ್ಟಾಗಲಿಕ್ಕಿಲ್ಲ.

ಹೊಟ್ಟೆಗೆ ಏನು ಎಂದು ಕೇಳಿದ್ದೀರಿ. ಜಾತ್ರೆಯ ಬೆಂಡು ಬೆತ್ತಾಸು ಒಂದು ಚೂರು ನೆಕ್ಕಿದರೆ ಅಡ್ಡಿಯಿಲ್ಲ. ಶೇಂಗಾ, ಪುಠಾಣಿ, ಗಟ್ಟಿ ಪೆಪ್ಪರಮಿಂಟು ಇವು ಮಾತ್ರ ಬೇಡ. ನಗುತ್ತಲೋ ಓಡುತ್ತಲೋ ಇರುವಾಗ ಉಸಿರಿನ ಕೊಳವೆಗೆ ಹೋಗಿ ಕೂಡುವಂಥವು. ದಾರಿಯಲ್ಲಿ ಅಮೀನಗಡ ಬಂದಾಗ ಬಸ್ಸಿನ ಕಿಡಕಿಗೇ ಕರದಂಟು ಬಂದರೆ ಅದನ್ನು ನೀವು ತಿನ್ನಿ, ಕೂಸಿಗೆ ಗೋಡಂಬಿ, ಬದಾಮಿ ಚೂರು ಕೊಡಬೇಡಿ. ಮನೆಯಿಂದಲೇ ಹಾಲು ಹಾಕಿದ ಮೊಸರನ್ನ ಒಯ್ಯಿರಿ. ಒಂದು ವಾಟಿ ಅಕ್ಕಿಯನ್ನು ನಾಲ್ಕು ವಾಟಿ ನೀರಿನಲ್ಲಿ ಮೆತ್ತಗೆ ಬೇಯಿಸಿ, ಚಮಚೆಯ ಹಿಂಬದಿಯಿಂದ ಮಿದ್ದು, ಉಗುರುಬೆಚ್ಚಗೆ ಆದ ಮೇಲೆ ಕಾಯಿಸಿ ಆರಿಸಿದ ಹಾಲು ಒಂದೂವರೆ ವಾಟಿ, ಮೊಸರು ಒಂದೇ ಚಮಚೆ, ಚಿಟಿಕೆ ಉಪ್ಪು ಹಾಕಿ ಸ್ಟೀಲಿನ ಡಬ್ಬಿಗೆ ತುಂಬಿ. ಬೆಳಗಿನಲ್ಲಿ ಕಲಸಿದ್ದು ಊಟದ ಹೊತ್ತಿಗೆ ಹುಳಿಯಾಗದೆ ಹದಕ್ಕೆ ಹೆಪ್ಪಾಗಿರುತ್ತದೆ. ಒಗ್ಗರಣೆ ಬೇಡ. ನೀರು ಮನೆಯದೇ, ಕಾಯಿಸಿ ಆರಿಸಿದ್ದು.

ಬಂಗಾರ ತೆಗೆದಿಡಿ. ಕಿವಿಯಲ್ಲಿ ಬಾವಲಿ, ಕೊರಳಲ್ಲಿ ಸರ ಹಾಕಿ ಕೂಸನ್ನು ಜಾತ್ರೆಗೆ ಒಯ್ಯುವುದೆಂದರೆ ಕಳ್ಳನಿಗೆ ಕರೆ ಕಳಿಸಿದ ಹಾಗೆ. ಬದಲಿಗೆ ಒಂದು ಚೀಟಿಯಲ್ಲಿ ನಿಮ್ಮ ಹಾಗೂ ಯಜಮಾನರ ಫೋನ್ ನಂಬರು ಬರೆದು ಅಂಗಿಯ ಒಳಗಡೆ ಹೊಲಿಯಿರಿ. ಹೊರಗಡೆ ಹೆಸರು ಬರೆಯಬೇಡಿ, ಹೆಸರು ಹಿಡಿದು ಕರೆದವರ ಹಿಂದೆ ಕೂಸು ನಡೆದುಬಿಡುತ್ತದೆ. ಹೊರಡುವ ಮುಂಚೆ ಅದೇ ಅಂಗಿಯಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಗಾಬರಿಯಾದಾಗ ಅಂಗಿ ಯಾವ ಬಣ್ಣದ್ದೆಂದು ಹೆತ್ತ ತಾಯಿಗೂ ಹೊಳೆಯುವುದಿಲ್ಲ. ದೇವರು ಹಾಗೆ ಮಾಡದಿರಲಿ, ಕೈ ತಪ್ಪಿದರೆ ನೀವೇ ಹುಡುಕುತ್ತ ಹೊತ್ತು ಕಳೆಯದೆ ಜಾತ್ರೆಯ ಪೊಲೀಸರ ಹತ್ತಿರ ಓಡಿ, 112ಕ್ಕೆ ಫೋನು ಮಾಡಿ. ಮಕ್ಕಳಿಗೆಂದೇ 1098 ಇದೆ.

ಇನ್ನು ನಿಮ್ಮ ಜಾತ್ರೆ. ಬನಶಂಕರಿಗೆ ಬರುವಷ್ಟು ನಾಟಕ ಕಂಪನಿಗಳು ಬೇರೆ ಜಾತ್ರೆಗೆ ಬರುವುದಿಲ್ಲ ಎನ್ನುವುದು ನಮ್ಮ ಭಾಗದವರ ಹೆಮ್ಮೆ. ಒಂದು ಆಟ ಮುಗಿದರೆ ಇನ್ನೊಂದು, ನಸುಕಿನತನಕ. ನಾದಿನಿಯ ಜೊತೆ ನೀವು ಹೋಗಲೇಬೇಕು. ಕೂಸು? ಕೂಸಿಗೆ ಅಪ್ಪ ಇದ್ದಾರಲ್ಲ! “ನಿನ್ನ ಇಷ್ಟ” ಎಂದರಲ್ಲವೇ, ನಿಮ್ಮ ಇಷ್ಟ ಇದೇ ಎಂದು ತಿಳಿಸಿ. ನಾದಿನಿಯ ಮನೆಯಲ್ಲಿ ಅತ್ತೆಯವರೂ ಇರುತ್ತಾರೆ. ಜನವರಿಯ ಚಳಿಯಲ್ಲಿ ಟೆಂಟಿನ ಧೂಳಿಗಿಂತ ಅಪ್ಪನ ಮಗ್ಗುಲು ಕೂಸಿಗೆ ಬೆಚ್ಚಗೆ. ಮೊದಲು ಒಂದೆರಡು ರಾತ್ರಿ ಇಳಕಲ್ಲಿನಲ್ಲೇ ಅವರು ಮಲಗಿಸಿ ರೂಢಿ ಮಾಡಲಿ. ಒಮ್ಮೆಲೇ ಹೊಸ ಊರು, ಹೊಸ ಹಾಸಿಗೆ, ಅವ್ವ ಇಲ್ಲ ಎಂದರೆ ಕೂಸೂ ಅಳುತ್ತದೆ, ಅಪ್ಪನೂ ಅಳುತ್ತಾನೆ. ಮಗ ಇನ್ನೂ ಮೊಲೆಹಾಲು ಕುಡಿಯುತ್ತಿದ್ದರೆ ಕುಡಿಸಿ ಮಲಗಿಸಿ ಹೋಗಿ, ಮೊದಲ ಆಟ ಮುಗಿಸಿ ಬನ್ನಿ. ಹೋಗುವಾಗ ಕದ್ದು ಹೋಗಬೇಡಿ. ತಿಳಿಯದಿದ್ದರೂ ಸರಿ, “ಅವ್ವ ನಾಟಕಾ ನೋಡಿ ಬರತಾಳ” ಎಂದು ಹೇಳಿ ಹೋಗಿ.

ತೌರಿನವರು ಮಾರ್ಚಿಯಲ್ಲಿ ಬಾಗಲಕೋಟೆಗೆ ಹೋಳಿಗೆ ಕರೆದಿದ್ದಾರೆಂದು ಕೊನೆಗೆ ಕೇಳಿದ್ದೀರಿ. ನನ್ನ ಕಥೆ ಓದಿದಿರಲ್ಲ. ಕೂಸಿಗೆ ಮನೆಯಂಗಳದಲ್ಲಿ ಒಂದು ಚಿಟಿಕೆ ಅರಿಸಿನ, ಒಂದು ಚೊಂಬು ನೀರು ಸಾಕು. ಬಣ್ಣದ ಬಂಡಿಯ ಬಣ್ಣ ಕಣ್ಣಿಗೆ ಬಿದ್ದರೆ ದೊಡ್ಡವರೇ ತಾಳಲಾರರು. ಸೋಗಿನ ಬಂಡಿಯನ್ನು ನಿದ್ದೆಗೆಡಿಸಿ ತೋರಿಸಬೇಡಿ. ತಾನಾಗಿ ಎದ್ದು ಕಿಡಕಿಯಿಂದ ಕಂಡರೆ ನಿಮ್ಮ ತೋಳಲ್ಲಿರಲಿ, ದೂರದಿಂದಿರಲಿ.

ಅಕ್ಕನ ಮಗಳ ಕಥೆ ಹೇಳುವುದು ಉಳಿಯಿತು. ಅವಳು ಪುಕ್ಕಟೆಯ ಪಾರ್ಟಿಗೆ ಹೋಗಲಿಲ್ಲ. ಹಬ್ಬದ ದಿನ ಸಂಜೆ ಇನ್ನೂ ಬೆಳಕಿರುವಾಗಲೇ ಮಗಳಿಗೆ ಕೃಷ್ಣನ ವೇಷ ಹಾಕಿ, ಓಣಿಯಲ್ಲಿ ಗುರುತಿನ ಮೂರು ಮನೆಗೆ ಕರೆದೊಯ್ದಳಂತೆ. ಮೊದಲನೆ ಮನೆಯಲ್ಲಿ ಕೊಟ್ಟ ಚಾಕಲೇಟನ್ನು ಕೂಸು ಎರಡನೆ ಮನೆಯವರಿಗೆ ಕೊಟ್ಟಿತು. ಮೂರನೆ ಮನೆಯಲ್ಲಿ ಅವರ ನಾಯಿಯನ್ನು ಬಿಟ್ಟು ಬರಲಿಲ್ಲ.

ಇಳಕಲ್ಲಿನ ಸೋದರಿ, ಜಾತ್ರೆಯಿಂದ ಬಂದ ಮೇಲೆ ತಪ್ಪದೆ ಬರೆಯಿರಿ. ಯಾವ ನಾಟಕ ನೋಡಿದಿರಿ, ಯಾವ ಸೀರೆ ಉಟ್ಟಿದ್ದಿರಿ, ಎಲ್ಲ. ಹಾಗೆಯೇ ಬನಶಂಕರಿಯಲ್ಲಿ ಕಟ್ಟಿಗೆಯ ಬಾಗಿಲು, ಚೌಕಟ್ಟು ಮಾರಲಿಕ್ಕೆ ಬಂದಿರುತ್ತವೆ. ಈ ವರ್ಷ ಒಂಟಿ ಬಾಗಿಲಿಗೆ ಏನು ರೇಟು ಎಂದು ಒಂದಿಷ್ಟು ಕೇಳಿಕೊಂಡು ಬರುತ್ತೀರಾ? ನಮ್ಮ ಹಿತ್ತಲ ಬಾಗಿಲಿಗೆ ಗೆದ್ದಲು ಹಿಡಿದಿದೆ.